ಬಾಲ ಕತ್ತರಿಸಿದ ಮೇಲೆ ಹರಳು ಬಂತು

ಹನ್ನೊಂದು ತಿಂಗಳು ನನ್ನ ಪ್ರೊಟೀನ್ ಹರಳುಗಟ್ಟಲಿಲ್ಲ. ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ ಕಿಣ್ವ ಅದು. 412 ಅಮೈನೋ ಆಮ್ಲಗಳ ಸರಪಳಿ. ಅದರ ಆಕಾರ ಗೊತ್ತಾದರೆ ಅದು ಕೆಲಸ ಮಾಡುವ ಬಗೆಯೂ ತಿಳಿಯುತ್ತದೆ ಅಂತ ಹೊರಟಿದ್ದೆ. ಎಕ್ಸ್‌-ರೇಯಿಂದ ಆಕಾರ ನೋಡಬೇಕಾದರೆ ಮೊದಲು ಹರಳು ಬೇಕು. ಕೋಟ್ಯಂತರ ಅಣುಗಳು ಶಿಸ್ತಾಗಿ ಸಾಲು ನಿಂತರೆ ಮಾತ್ರ ಅವುಗಳಿಂದ ಚದುರಿದ ಕಿರಣಗಳು ಒಂದಕ್ಕೊಂದು ಸೇರಿ, ಅಳೆಯಬಹುದಾದ ಚುಕ್ಕಿಗಳಾಗುತ್ತವೆ.

ಪ್ರೊಟೀನ್ ತಯಾರಿಸುವುದು ಕಷ್ಟವಾಗಲಿಲ್ಲ. ಜೀನನ್ನು ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ 18 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ, ನಿಕ್ಕಲ್ ಕಾಲಮ್‌ನಲ್ಲಿ ಶುದ್ಧ ಮಾಡುತ್ತಿದ್ದೆ. ಜೆಲ್ ಮೇಲೆ ಒಂದೇ ಗೆರೆ ಬರುತ್ತಿತ್ತು, ಅಂದರೆ ಪ್ರೊಟೀನ್ ಶುದ್ಧವಾಗಿತ್ತು. ತೊಂದರೆ ಇದ್ದದ್ದು ಅದರ ನಂತರ.

ಹರಳು ಬೆಳೆಸುವುದು ಕಲ್ಲುಸಕ್ಕರೆ ಮಾಡಿದ ಹಾಗೆಯೇ. ಪಾಕ ನಿಧಾನವಾಗಿ ಗಟ್ಟಿಯಾಗಬೇಕು, ಅವಸರ ಮಾಡಿದರೆ ಪುಡಿಯಾಗುತ್ತದೆ. ಒಂದು ಮೈಕ್ರೋಲೀಟರ್ ಪ್ರೊಟೀನಿಗೆ ಒಂದು ಮೈಕ್ರೋಲೀಟರ್ ಬಾವಿಯ (ತಟ್ಟೆಯಲ್ಲಿರುವ ಪುಟ್ಟ ಗುಳಿಯ) ದ್ರಾವಣ ಬೆರೆಸಿ, ಗಾಜಿನ ಬಿಲ್ಲೆಯ ಮೇಲೆ ಹನಿ ಇಟ್ಟು, ಬಿಲ್ಲೆಯನ್ನು ತಲೆಕೆಳಗಾಗಿಸಿ ಬಾವಿಯ ಬಾಯಿಗೆ ಗ್ರೀಸ್ ಹಚ್ಚಿ ಮುಚ್ಚುತ್ತೇವೆ. ಹನಿಯ ನೀರು ಆವಿಯಾಗಿ ಮೆಲ್ಲಗೆ ಬಾವಿಗೆ ಹೋಗುತ್ತದೆ. ಹನಿ ದಪ್ಪವಾಗುತ್ತಾ ಬರುತ್ತದೆ. ಯಾವ ಉಪ್ಪು, ಯಾವ ಪಿಎಚ್, ಎಷ್ಟು ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪಾಲಿಮರ್) ಹಾಕಿದರೆ ಹರಳು ಬರುತ್ತದೆ ಅನ್ನುವುದನ್ನು ಮೊದಲೇ ಹೇಳಲು ಆಗುವುದಿಲ್ಲ. ಅದಕ್ಕೇ ನೂರಾರು ಹನಿ ಇಡುವುದು.

ನನ್ನ ಹನಿಗಳಲ್ಲಿ ಬಂದದ್ದು ಕಂದು ಗಸಿ. ಐದನೇ ತಿಂಗಳಲ್ಲಿ ಒಂದು ಹನಿಯಲ್ಲಿ ಚೂಪಾದ, ಹೊಳೆಯುವ ಹರಳು ಕಂಡಿತು. ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದ್ದೆ. ಮರುದಿನ ಹನಿಗೆ ಮೀಥಿಲೀನ್ ನೀಲಿ ಬಣ್ಣ ಬಿಟ್ಟು ನೋಡಿದೆ. ಪ್ರೊಟೀನ್ ಹರಳಿನ ಒಳಗೆ ನೀರಿನ ದಾರಿಗಳಿರುತ್ತವೆ, ಅದು ಬಣ್ಣ ಕುಡಿದು ನೀಲಿಯಾಗುತ್ತದೆ. ಇದು ಬೆಳ್ಳಗೇ ಉಳಿಯಿತು. ಸೂಜಿಯಲ್ಲಿ ಒತ್ತಿದರೆ ಟಕ್ ಅಂದಿತು. ಬರೀ ಉಪ್ಪು. ಹೊಸಬರಿಗೆ ಹೇಳುವುದಿಷ್ಟೇ: ಬಣ್ಣದ ಪರೀಕ್ಷೆ ಮಾಡುವವರೆಗೆ ಯಾರಿಗೂ ಹೇಳಬೇಡಿ. ಆ ಬೇಸರ ನನಗೆ ಇನ್ನೂ ನೆನಪಿದೆ.

2021ರ ಜುಲೈನಲ್ಲಿ ಆಲ್ಫಾಫೋಲ್ಡ್‌ನ ಕೋಡ್ ಎಲ್ಲರಿಗೂ ಸಿಗುವಂತಾಯಿತು. ಅಮೈನೋ ಆಮ್ಲಗಳ ಸಾಲು ಕೊಟ್ಟರೆ ಪ್ರೊಟೀನಿನ ಆಕಾರ ಊಹಿಸುವ ಪ್ರೋಗ್ರಾಂ ಅದು. 2024ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್ ಅವರಿಗೆ ಸಿಕ್ಕಿದ್ದು ಇದಕ್ಕೇ. ನಮ್ಮ ಲ್ಯಾಬಿನಲ್ಲಿ ದೊಡ್ಡ ಕಂಪ್ಯೂಟರ್ ಇರಲಿಲ್ಲ. ಬ್ರೌಸರ್‌ನಲ್ಲೇ ನಡೆಯುವ ಕೋಲಾಬ್‌ಫೋಲ್ಡ್‌ಗೆ ನಮ್ಮ ಸಾಲು ಹಾಕಿದೆ. ಒಂದು ಗಂಟೆಯೊಳಗೆ ಮಾದರಿ ಬಂತು.

ಮಾದರಿಯ ಪ್ರತಿ ಅಮೈನೋ ಆಮ್ಲಕ್ಕೂ ಸೊನ್ನೆಯಿಂದ ನೂರರವರೆಗೆ ಒಂದು ಭರವಸೆಯ ಅಂಕ ಇರುತ್ತದೆ. ತೊಂಬತ್ತಕ್ಕಿಂತ ಜಾಸ್ತಿ ಇದ್ದರೆ ಗಾಢ ನೀಲಿ, ಐವತ್ತಕ್ಕಿಂತ ಕಡಿಮೆ ಇದ್ದರೆ ಕಿತ್ತಳೆ. ನಮ್ಮದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀಲಿ. ಕೊನೆಯ 34 ಮಾತ್ರ ಕಿತ್ತಳೆ, ಬೇಯಿಸಿದ ಶ್ಯಾವಿಗೆ ಎಳೆಯ ಹಾಗೆ ಹೊರಗೆ ಜೋತುಬಿದ್ದಿತ್ತು.

"ನೀಲಿ ನೋಡಿ ಖುಷಿಪಡ್ತಿದ್ದೀಯ, ಕಿತ್ತಳೆ ನೋಡು," ಅಂದರು ನಮ್ಮ ಮೇಡಂ. "ಆ ಬಾಲ ಅಲ್ಲಾಡ್ತಾ ಇದ್ರೆ ಪಕ್ಕದ ಅಣು ಹತ್ತಿರ ಬಂದು ಹೇಗೆ ಕೂರುತ್ತೆ?"

ನನಗೆ ಹೊಳೆಯದಿದ್ದದ್ದು ಇದೇ. ಪ್ರೋಗ್ರಾಂ ಗೊತ್ತಿಲ್ಲ ಅಂದ ಜಾಗವೇ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಅಂಕ ಅಷ್ಟು ಕಡಿಮೆ ಇದ್ದರೆ, ಆ ಭಾಗಕ್ಕೆ ಸ್ಥಿರವಾದ ಆಕಾರವೇ ಇಲ್ಲದಿರುವ ಸಾಧ್ಯತೆ ದೊಡ್ಡದು. 378ನೇ ಅಮೈನೋ ಆಮ್ಲ ಆದ ಕೂಡಲೇ ಸರಪಳಿ ಇಲ್ಲಿಗೆ ನಿಲ್ಲಲಿ ಅನ್ನುವ ಗುರುತು, ಅಂದರೆ ಒಂದು ಸ್ಟಾಪ್ ಕೋಡಾನ್ ಇಟ್ಟು ಜೀನನ್ನು ಹೊಸದಾಗಿ ಮಾಡಿದೆ. ಬಾಲ ಹೋದ ಮೇಲೂ ಕಿಣ್ವದ ಕೆಲಸ ಮೊದಲಿನಷ್ಟೇ ಇದೆಯಾ ಅಂತ ಅಳೆದು ನೋಡಿದೆ. ಇತ್ತು. ಈ ಪರೀಕ್ಷೆಯನ್ನು ಬಿಡಲೇಬಾರದು. ಕೆಲಸ ಮಾಡದ ಕಿಣ್ವದ ಚಂದದ ಆಕಾರ ಇಟ್ಟುಕೊಂಡು ಏನು ಮಾಡುವುದು, ಅಲ್ವಾ?

ಬಾಲವಿಲ್ಲದ ಪ್ರೊಟೀನಿನಿಂದ ಮತ್ತೆ ಹನಿ ಇಟ್ಟೆ. ಹನ್ನೊಂದನೇ ದಿನ ಪೆಗ್ 3350 ಇದ್ದ ಒಂದು ಹನಿಯಲ್ಲಿ ಸಣ್ಣ ಇಟ್ಟಿಗೆಗಳಂಥ ಹರಳುಗಳು ಕಂಡವು. ಬಣ್ಣ ಬಿಟ್ಟೆ. ನೀಲಿಯಾದವು.

ಹರಳನ್ನು ಎತ್ತುವುದೂ ಒಂದು ಕಲೆ. ನೈಲಾನ್ ದಾರದ ಪುಟ್ಟ ಕುಣಿಕೆಯಲ್ಲಿ ಹಿಡಿದು, ಗ್ಲಿಸರಾಲ್‌ನಲ್ಲಿ ಅದ್ದಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಹಾಕಬೇಕು. ಗ್ಲಿಸರಾಲ್ ಇಲ್ಲದಿದ್ದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಹರಳು ಹಾಳಾಗುತ್ತದೆ. ನೇರವಾಗಿ ಶೇಕಡ 20ಕ್ಕೆ ಹಾಕಿದ ಮೊದಲ ಮೂರು ಹರಳು ಕಣ್ಣೆದುರೇ ಬಿರುಕುಬಿಟ್ಟವು. ಆಮೇಲೆ 5, 10, 20 ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋದೆ. ನಿಂತವು.

ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ, ಅಂದರೆ ತುಂಬಾ ಪ್ರಖರ ಎಕ್ಸ್‌-ರೇ ಕೊಡುವ ಯಂತ್ರದಲ್ಲಿ, ಎಕ್ಸ್‌-ರೇ ಹಾಯಿಸಿದೆವು. 2.2 ಆಂಗ್‌ಸ್ಟ್ರಾಮ್‌ವರೆಗೆ ಚುಕ್ಕಿಗಳು ಬಂದವು. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು.

ಚುಕ್ಕಿ ಸಿಕ್ಕರೆ ಆಕಾರ ಸಿಕ್ಕಂತಲ್ಲ. ಡಿಟೆಕ್ಟರ್ ಚುಕ್ಕಿಯ ಹೊಳಪನ್ನಷ್ಟೇ ಅಳೆಯುತ್ತದೆ. ಅಲೆ ಏರುತ್ತಿತ್ತೋ ಇಳಿಯುತ್ತಿತ್ತೋ ಅನ್ನುವ ಮಾಹಿತಿ, ಅಂದರೆ ಫೇಸ್, ಕಳೆದುಹೋಗುತ್ತದೆ. ಹೋಲುವ ಪ್ರೊಟೀನಿನ ಆಕಾರ ಮೊದಲೇ ಗೊತ್ತಿದ್ದರೆ ಅದನ್ನು ಹರಳಿನೊಳಗೆ ಕೂರಿಸಿ ಫೇಸ್ ಅಂದಾಜು ಮಾಡಬಹುದು. ನಮ್ಮದಕ್ಕೆ ಹತ್ತಿರದ್ದು ಯಾವುದೂ ಇರಲಿಲ್ಲ. ಹಿಂದೆ ಆಗಿದ್ದರೆ ಫೇಸ್ ಕಂಡುಹಿಡಿಯಲು ಸೆಲೆನಿಯಂ ಸೇರಿಸಿ ಹೊಸದಾಗಿ ಪ್ರೊಟೀನ್ ಬೆಳೆಸಬೇಕಾಗುತ್ತಿತ್ತು. ಈಗ ಆಲ್ಫಾಫೋಲ್ಡ್ ಮಾದರಿಯನ್ನೇ ಕೂರಿಸಿ ನೋಡಿದೆ.

ಕೂರಲಿಲ್ಲ. ಎರಡು ಕಾರಣ ಇದ್ದವು. ಒಂದು, ಮಾದರಿಯ ಫೈಲಿನಲ್ಲಿ ಭರವಸೆಯ ಅಂಕ ಇರುವುದು ಬಿ-ಫ್ಯಾಕ್ಟರ್ ಬರೆಯುವ ಜಾಗದಲ್ಲಿ. ಅಂಕ ಹೆಚ್ಚಿದ್ದರೆ ಒಳ್ಳೆಯದು, ಬಿ-ಫ್ಯಾಕ್ಟರ್ ಹೆಚ್ಚಿದ್ದರೆ ಆ ಪರಮಾಣು ಜಾಸ್ತಿ ಅಲ್ಲಾಡುತ್ತಿದೆ ಅಂತ ಅರ್ಥ. ಬದಲಾಯಿಸದೆ ಕೊಟ್ಟರೆ ಗಟ್ಟಿ ಭಾಗವನ್ನೇ ಸಾಫ್ಟ್‌ವೇರ್ ಸಡಿಲ ಅಂದುಕೊಳ್ಳುತ್ತದೆ. ಅದನ್ನು ಸರಿಮಾಡಿದರೂ ಉತ್ತರ ಬರಲಿಲ್ಲ. ಆಮೇಲೆ ಪಿಎಇ ಚಿತ್ರ ತೆರೆದೆ. ಎರಡು ಭಾಗಗಳ ನಡುವಿನ ದೂರ, ಕೋನ ಎಷ್ಟು ನಂಬಬಹುದು ಅಂತ ತೋರಿಸುವ ಚಿತ್ರ ಅದು. ನಮ್ಮ ಕಿಣ್ವದಲ್ಲಿ ಎರಡು ಗಟ್ಟಿ ಉಂಡೆಗಳು, ಮಧ್ಯೆ ಒಂದು ಕೀಲು. ಪ್ರತಿ ಉಂಡೆಯ ಒಳಗಿನ ಊಹೆ ಚೆನ್ನಾಗಿತ್ತು, ಕೀಲಿನ ಕೋನ ಭರವಸೆಯದಲ್ಲ. ಮಾದರಿಯನ್ನು ಕೀಲಿನಲ್ಲಿ ಎರಡು ತುಂಡು ಮಾಡಿ ಒಂದೊಂದಾಗಿ ಹುಡುಕಿಸಿದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಎರಡೂ ಕೂತಿದ್ದವು. ಹರಳಿನಲ್ಲಿ ಕಿಣ್ವದ ಬಾಯಿ, ಅಂದರೆ ಎರಡು ಉಂಡೆಗಳ ನಡುವಿನ ಸಂದು, ಊಹೆಗಿಂತ ಅಗಲವಾಗಿ ತೆರೆದಿತ್ತು.

ನಾವೇ ಕೊಟ್ಟ ಆಕಾರ ನಮಗೇ ವಾಪಸ್ ಕಾಣುತ್ತಿದೆಯೋ ಅನ್ನುವ ಭಯ ಇಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಸಣ್ಣ ಸಣ್ಣ ತುಂಡು ತೆಗೆದುಹಾಕಿ, ಆ ಜಾಗದಲ್ಲಿ ಎಲೆಕ್ಟ್ರಾನ್ ಸಾಂದ್ರತೆ (ಪರಮಾಣುಗಳು ಎಲ್ಲಿವೆ ಅಂತ ಚುಕ್ಕಿಗಳಿಂದ ಲೆಕ್ಕ ಹಾಕಿದ ನಕ್ಷೆ) ತಾನಾಗಿ ಮರಳಿ ಬರುತ್ತದೆಯೇ ನೋಡಿದೆ. ಬಂತು. ಎರಡು ಉಂಡೆಗಳ ನಡುವೆ, ಮಾದರಿಯಲ್ಲಿ ಇಲ್ಲದ ಒಂದು ದುಂಡನೆಯ ಚುಕ್ಕಿಯೂ ಕಂಡಿತು. ಸುತ್ತ ಲೋಹ ಹಿಡಿಯಬಲ್ಲ ಅಮೈನೋ ಆಮ್ಲಗಳು: ಎರಡು ಹಿಸ್ಟಿಡಿನ್, ಒಂದು ಆಸ್ಪಾರ್ಟೇಟ್. ಲೋಹದ ಅಯಾನು ಇರಬೇಕು.

ಕೊನೆಗೆ ರಾಮಚಂದ್ರನ್ ನಕ್ಷೆ. 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಕೊಟ್ಟ ಲೆಕ್ಕ ಅದು. ಪ್ರೊಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಆಗದು ಅಂತ ಹೇಳುತ್ತದೆ. ಇಂದಿಗೂ ಹೊಸ ಆಕಾರಗಳನ್ನು ಅದರ ಮೇಲೆ ಇಟ್ಟು ನೋಡುತ್ತೇವೆ. ನಮ್ಮದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಗೆರೆಯ ಹೊರಗೆ ಬಿತ್ತು. ಎರಡು ದಿನ ಅದನ್ನು ಒಳಗೆ ತರಲು ನೋಡಿದೆ. ತಿರುಗಿಸಿದಾಗಲೆಲ್ಲ ಸಾಂದ್ರತೆಯಿಂದ ಹೊರಗೆ ಬರುತ್ತಿತ್ತು. ಅದು ಇರುವುದು ಲೋಹದ ಪಕ್ಕದಲ್ಲೇ. ಇದ್ದ ಹಾಗೇ ಬಿಟ್ಟು, ಪ್ರೊಟೀನ್ ಆಕಾರಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಪ್ರೊಟೀನ್ ಡಾಟಾ ಬ್ಯಾಂಕ್‌ಗೆ ಕಳಿಸಿದೆ.