ಎಲ್‌ಎಲ್‌ಆರ್ ಪರೀಕ್ಷೆಗೆ ನಾನು ಓದಿಕೊಂಡ ಬಗೆ

ಕಾರು ಕಲಿಯಲು ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಲು ಹೊರಟಾಗ ನನಗೆ ಸಿಕ್ಕ ಮೊದಲ ಸಲಹೆ ಡ್ರೈವಿಂಗ್ ಸ್ಕೂಲಿನವರದು. ‘ಎಲ್‌ಎಲ್‌ಆರ್ ಪರೀಕ್ಷೆಗೆಲ್ಲ ಓದುವುದೇನಿದೆ ಮೇಡಂ? ಗೊತ್ತಿರುವುದೇ ಬರುತ್ತದೆ, ಸುಮ್ಮನೆ ಬನ್ನಿ’ ಎಂದರು. ಗೊತ್ತಿರುವುದೇ ಬರುತ್ತದೆ ಎನ್ನುವುದು ಅರ್ಧ ನಿಜ. ನಮಗೆ ಗೊತ್ತಿರುವುದು ರಸ್ತೆಯ ರೂಢಿ, ಅಲ್ಲಿ ಕೇಳುವುದು ರಸ್ತೆಯ ನಿಯಮ. ವರ್ಷಾನುಗಟ್ಟಲೆ ಆಟೊ, ಬಸ್ಸು, ಯಜಮಾನರ ಸ್ಕೂಟರಿನ ಹಿಂದಿನ ಸೀಟು ಎಂದು ಓಡಾಡಿದವಳಿಗೆ ರೂಢಿ ಬಾಯಿಪಾಠವಾಗಿತ್ತು. ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದರ್ಥ. ದೊಡ್ಡ ಗಾಡಿಗೆ ಚಿಕ್ಕ ಗಾಡಿ ಜಾಗ ಬಿಡಬೇಕು. ಹಾರ್ನ್ ಮೊದಲು, ಬ್ರೇಕ್ ಆಮೇಲೆ. ಇವುಗಳಲ್ಲಿ ಒಂದನ್ನೂ ಪರೀಕ್ಷೆ ಒಪ್ಪುವುದಿಲ್ಲ.

ಹಾಗಾಗಿ ಮೊದಲು ಪರೀಕ್ಷೆಯ ವ್ಯಾಪ್ತಿ ಎಷ್ಟೆಂದು ನೋಡಿಕೊಂಡೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೆಯ ನಿಯಮದಲ್ಲಿ ಅದು ಸ್ಪಷ್ಟವಾಗಿದೆ: ಸಂಚಾರ ಚಿಹ್ನೆ, ಸಿಗ್ನಲ್ ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರಿಕೆ, ಗಾಡಿಯಲ್ಲಿ ಇರಬೇಕಾದ ದಾಖಲೆಗಳು. ಶೇಕಡಾ 60ರಷ್ಟು ಉತ್ತರ ಸರಿಯಾದರೆ ಪಾಸು. ಇಷ್ಟೇ ಎಂದು ಗೊತ್ತಾದ ಮೇಲೆ ನಿರಾಳವಾಯಿತು. ಮೊಬೈಲ್ ಆ್ಯಪ್‌ಗಳ ನೂರಾರು ಪ್ರಶ್ನೆಗಳನ್ನು ಉರು ಹೊಡೆಯುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಚಿಹ್ನೆಗಳಿಗೆ ಹೆಚ್ಚು ಸಮಯ ಕೊಟ್ಟೆ. ಒಂದೊಂದನ್ನೇ ಬಿಡಿಬಿಡಿಯಾಗಿ ನೆನಪಿಟ್ಟುಕೊಳ್ಳಲು ಹೋದರೆ ತಲೆ ಕೆಡುತ್ತದೆ. ಆಕಾರ ಮತ್ತು ಬಣ್ಣ ಹಿಡಿದುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಕೆಂಪು ಅಂಚಿನ ತ್ರಿಕೋನ ಎಂದರೆ ಮುಂದೇನೋ ಇದೆ, ಹುಷಾರು. ಕೆಂಪು ಅಂಚಿನ ವೃತ್ತ ಎಂದರೆ ಕೂಡದು ಅಥವಾ ಇಷ್ಟೇ ಮಿತಿ. ನೀಲಿ ವೃತ್ತ ಎಂದರೆ ಹೀಗೆಯೇ ಮಾಡಬೇಕು. ನೀಲಿ ಆಯತ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್ ಇತ್ಯಾದಿ. ‘ನಿಲ್ಲಿ’ ಎನ್ನುವ ಫಲಕ ಎಂಟು ಮೂಲೆಯದು, ‘ದಾರಿ ಬಿಡಿ’ ಎನ್ನುವುದು ತಲೆಕೆಳಗಾದ ತ್ರಿಕೋನ. ಈ ಎರಡಕ್ಕೆ ಮಾತ್ರ ಬೇರೆಯದೇ ಆಕಾರ, ಏಕೆಂದರೆ ಮಂಜಿರಲಿ, ಧೂಳು ಮೆತ್ತಿರಲಿ, ಅಕ್ಷರ ಕಾಣದಿದ್ದರೂ ಆಕಾರ ತಿಳಿಯಬೇಕು.

ಮಗಳ ಹಳೆಯ ನೋಟ್‌ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಲ್ಲಿ ಇವನ್ನು ಸ್ಕೆಚ್ ಪೆನ್ನಿನಲ್ಲಿ ಬರೆದೆ. ನೋಡಿದ್ದಕ್ಕಿಂತ ಬರೆದದ್ದು ಚೆನ್ನಾಗಿ ತಲೆಗೆ ಹತ್ತುತ್ತದೆ. ಬರೆಯುವಾಗಲೇ ಗಮನಕ್ಕೆ ಬಂದದ್ದು, ಒಂದೇ ಹಾರ್ನಿನ ಚಿತ್ರ ಎರಡು ಕಡೆ ಇದೆ. ಕೆಂಪು ವೃತ್ತದಲ್ಲಿ ಅಡ್ಡಗೆರೆಯೊಂದಿಗೆ ಇದ್ದರೆ ಹಾರ್ನ್ ಮಾಡಬಾರದು, ನೀಲಿ ವೃತ್ತದಲ್ಲಿದ್ದರೆ ಮಾಡಲೇಬೇಕು. ಇನ್ನೊಂದು ಜೋಡಿಯೂ ಹೀಗೆಯೇ ಕಾಡುತ್ತದೆ. ನೀಲಿ ವೃತ್ತ, ಕೆಂಪು ಅಂಚು, ಒಂದೇ ಓರೆ ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಸೇರಿ ಕತ್ತರಿಯಾಗಿದ್ದರೆ ನಿಲ್ಲಿಸುವಂತೆಯೇ ಇಲ್ಲ, ಯಾರನ್ನಾದರೂ ಇಳಿಸಿ ಹೊರಡುತ್ತೇನೆ ಎಂದರೂ ಆಗದು.

ರಸ್ತೆ ನಿಯಮಗಳಿಗೆ ಬಂದಾಗ ಮನೆಯಲ್ಲಿ ಸಣ್ಣ ರಂಪವೇ ಆಯಿತು. ರಾತ್ರಿ ಊಟವಾದ ಮೇಲೆ ಯಜಮಾನರನ್ನು ಕೇಳಿದೆ: ‘ರೀ, ಸಿಗ್ನಲ್ಲೂ ಇಲ್ಲ, ಪೊಲೀಸರೂ ಇಲ್ಲ. ನಾಲ್ಕು ರಸ್ತೆ ಸೇರುವ ಜಾಗ. ಯಾರಿಗೆ ದಾರಿ ಬಿಡಬೇಕು?’

‘ಮೊದಲು ನುಗ್ಗಿದವನಿಗೆ’ ಎಂದರು, ಪೇಪರಿನಿಂದ ತಲೆ ಎತ್ತದೆ.

‘ಬಲಗಡೆಯಿಂದ ಬರುವವನಿಗೆ.’

‘ಬಲಗಡೆಯವನಿಗೆಂದು ಕಾಯುತ್ತಾ ಕೂತರೆ ನಾಳೆ ಬೆಳಿಗ್ಗೆ ಮನೆ ಸೇರುತ್ತೀಯೆ.’ ಅವರು ಲೈಸೆನ್ಸ್ ಪಡೆದು ಎಷ್ಟೋ ಕಾಲವಾಗಿದೆ. ನಿಯಮ ಓದಿದ್ದು ನೆನಪಿಲ್ಲವಂತೆ. ಪುಸ್ತಕ ತೋರಿಸಿದರೂ ಅದು ಮುದ್ರಣದೋಷ ಇರಬಹುದೆಂದರು.

ಅವರನ್ನು ಹೀಗೆ ಕೇಳುತ್ತ ಹೋದಾಗಲೇ ನನಗೊಂದು ದಾರಿ ಹೊಳೆಯಿತು: ಪ್ರತಿ ನಿಯಮದ ಹಿಂದಿನ ಕಾರಣ ಹುಡುಕುವುದು. ಕಿರಿದಾದ ಸೇತುವೆಗೆ ಎದುರಿನಿಂದ ಗಾಡಿ ನುಗ್ಗುತ್ತಿದ್ದರೆ, ಅದು ದಾಟುವವರೆಗೆ ಕಾಯಬೇಕು. ಘಾಟಿಯಲ್ಲಿ ಇಳಿಯುವವರು ಹತ್ತುವವರಿಗೆ ಜಾಗ ಬಿಡಬೇಕು, ಏಕೆಂದರೆ ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಕಷ್ಟ. ವೃತ್ತದೊಳಗೆ ಈಗಾಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ಬಿಳಿ ಕೋಲು ಹಿಡಿದವರು ರಸ್ತೆ ದಾಟುತ್ತಿದ್ದರೆ ಆ ಕೋಲನ್ನೇ ‘ನಿಲ್ಲಿ’ ಎಂಬ ಚಿಹ್ನೆ ಎಂದು ತಿಳಿಯಬೇಕು. ಹಿಂದಿನವನು ಓವರ್‌ಟೇಕ್ ಮಾಡುತ್ತಿದ್ದರೆ ನಾವು ವೇಗ ಹೆಚ್ಚಿಸಬಾರದು. ಎಡದಿಂದ ಓವರ್‌ಟೇಕ್ ಮಾಡಬಹುದಾದ ಸಂದರ್ಭವೂ ಇದೆ: ಮುಂದಿನವನು ಬಲಕ್ಕೆ ತಿರುಗುವ ಸೂಚನೆ ಕೊಟ್ಟು ರಸ್ತೆಯ ಮಧ್ಯಕ್ಕೆ ಸರಿದಿದ್ದಾಗ. ನಮ್ಮೂರಿನಲ್ಲಿ ಇಷ್ಟೆಲ್ಲ ಕಾಯದೆ ಎಡದಿಂದ ತೂರುತ್ತಾರೆ, ಅದು ಬೇರೆ ಮಾತು. ಒಟ್ಟಿನಲ್ಲಿ ಎರಡು ಉತ್ತರಗಳ ನಡುವೆ ಅನುಮಾನ ಬಂದಾಗ ‘ಯಾರಿಗೆ ನಿಲ್ಲುವುದು ಸುಲಭ, ಯಾರಿಗೆ ಪೆಟ್ಟಾಗುವುದು ಹೆಚ್ಚು’ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತಿತ್ತು. ಉರು ಹೊಡೆಯುವ ಶ್ರಮ ಇದರಿಂದ ಬಹಳ ಉಳಿಯಿತು.

ರೈಲ್ವೆ ಗೇಟಿನ ನಿಯಮ ಓದುವಾಗ ನಗು ಬಂತು. ಕಾವಲಿಲ್ಲದ ಗೇಟಿನ ಬಳಿ ಗಾಡಿ ನಿಲ್ಲಿಸಿ, ಜೊತೆಯಲ್ಲಿರುವವರನ್ನು ಹಳಿಯವರೆಗೆ ನಡೆಸಿ, ಎರಡೂ ಕಡೆ ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ದಾಟಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 131ನೆಯ ಕಲಮು ಇದು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂಥ ಗೇಟುಗಳನ್ನು 2019ರ ಆರಂಭದ ಹೊತ್ತಿಗೇ ರೈಲ್ವೆ ತೆಗೆದುಹಾಕಿದೆ. ಗೇಟು ಹೋದರೂ ನಿಯಮ ಉಳಿದಿದೆ, ಹಾಗಾಗಿ ಓದಲೇಬೇಕು.

ಯುಕ್ತಿ ನಡೆಯದೆ ಬರೀ ನೆನಪಿನಿಂದಲೇ ಹೇಳಬೇಕಾದವು ಕೆಲವಿವೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ಲೈಸೆನ್ಸ್: ಈ ನಾಲ್ಕು ದಾಖಲೆಗಳು. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮೊದಲು, ಪೊಲೀಸರಿಗೆ ತಿಳಿಸುವುದು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. ಇವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ.

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವುದೆಂದು ಮೊದಲೇ ನಿರ್ಧರಿಸಿದ್ದರಿಂದ ಮಾದರಿ ಪ್ರಶ್ನೆಗಳನ್ನೂ ಕನ್ನಡದಲ್ಲಿಯೇ ಓದಿದೆ. ಇದು ಮುಖ್ಯ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಉತ್ತರಿಸಲು ಕೂತರೆ, ಸರ್ಕಾರಿ ಕನ್ನಡದ ಉದ್ದುದ್ದ ವಾಕ್ಯ ಬಿಡಿಸುವಷ್ಟರಲ್ಲಿ ಸಮಯ ಓಡಿರುತ್ತದೆ. ಪ್ರಶ್ನೆಯ ಕೊನೆಯ ಪದವನ್ನು ಎರಡು ಸಲ ನೋಡಿ. ‘ಬಹುದು’ ಮತ್ತು ‘ಬಾರದು’ ಅಲ್ಲಿಯೇ ಅಡಗಿರುತ್ತವೆ. ನನ್ನಂತೆ 40 ದಾಟಿದವರು ವೈದ್ಯರಿಂದ 1-ಎ ನಮೂನೆಯ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಸಾಧ್ಯವೇ ಎಂಬ ಪ್ರಶ್ನೆ ಅದರಲ್ಲಿದೆ, ಕನ್ನಡಕದ ಪವರ್ ಬದಲಾಗಿದ್ದರೆ ಆಗಲೇ ಗೊತ್ತಾಗುತ್ತದೆ.

ಪರೀಕ್ಷೆ ಗದ್ದಲವಿಲ್ಲದೆ ಮುಗಿಯಿತು. ಕೈಗೆ ಬಂದ ಎಲ್‌ಎಲ್‌ಆರ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ, ಆದರೆ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಮನೆಯ ಕಾರಿನಲ್ಲೇ ಕಲಿಯುವವರು ಲೈಸೆನ್ಸ್ ಇದ್ದು ಕಲಿಸಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಗಾಡಿಯ ಹಿಂದೆ, ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು. ಅಕ್ಷರದ ಎತ್ತರ 10 ಸೆಂಟಿಮೀಟರ್, ಹಿನ್ನೆಲೆ 18 ಸೆಂಟಿಮೀಟರ್ ಚೌಕ. ನಮ್ಮ ಬೀದಿಯ ಅಂಗಡಿಯಲ್ಲಿ ಸಿಕ್ಕ ಸ್ಟಿಕ್ಕರ್ ಅದರ ಅರ್ಧದಷ್ಟೂ ಇರಲಿಲ್ಲ. ಸ್ಕೇಲ್ ಹಿಡಿದು ಅಳೆದು, ರಟ್ಟಿನ ಮೇಲೆ ನಾನೇ ಬರೆದು ಅಂಟಿಸಿದೆ.