ಅಡಿಕೆ ಸಿಪ್ಪೆ ಏಳೆಂಟು ತಿಂಗಳಲ್ಲಿ ಕೊಳೆಯಿತು: ನನ್ನ ಅನುಭವ

ಅಡಿಕೆ ಸಿಪ್ಪೆ ಕೊಳೆಯೋಕೆ ಮೂರು ವರ್ಷ ಬೇಕು, ಸುಮ್ನೆ ಬೆಂಕಿ ಹಾಕು ಅಂತ ಹೇಳದವರಿಲ್ಲ. ಡಿಸೆಂಬರ್‌ನಲ್ಲಿ ಹಾಕಿದ ರಾಶಿ ಜುಲೈ ಹೊತ್ತಿಗೆ ಕಪ್ಪು ಹುಡಿಯಾಗಿದೆ. ನಕ್ಕವರೇ ಬಂದು ಒಂದು ಚೀಲ ಕೇಳಿದರು. ಕೊಟ್ಟಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ, ಎರಡು ಎಕರೆ ಚಿಲ್ಲರೆ ತೋಟ. ಹಸಿ ಕಾಯಿಯನ್ನೇ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದರಿಂದ ಹಸಿ ಸಿಪ್ಪೆಯೇ ಜಾಸ್ತಿ, ನಾಲ್ಕೈದು ಟ್ರ್ಯಾಕ್ಟರ್ ಲೋಡ್ ಆಗಬಹುದು. ಚನ್ನಗಿರಿ, ಭದ್ರಾವತಿ ಕಡೆ ರಸ್ತೆ ಬದಿಗೆ ಸುರಿದು ಸುಡುವುದನ್ನು ನೀವೂ ನೋಡಿರುತ್ತೀರಿ. ಅತ್ತ ಅದನ್ನು ಸುಡುವುದು, ಇತ್ತ ಲೋಡಿಗೆ ಐದಾರು ಸಾವಿರ ಕೊಟ್ಟು ಕೊಟ್ಟಿಗೆ ಗೊಬ್ಬರ ತರಿಸುವುದು, ಅದರಲ್ಲೂ ಅರ್ಧ ಮಣ್ಣು!

ಮೊದಲು ಗುಂಡಿಗೆ ತುಂಬಿದ್ದೆ. ಹಸಿ ಸಿಪ್ಪೆ ಒತ್ತಿ ಕೂತು, ಒಳಗೆ ಗಾಳಿಯಾಡದೆ ಹುಳಿ ನಾತ, ನೊಣ. ವರ್ಷ ಬಿಟ್ಟು ಅಗೆದರೆ ನಾರು ಹಾಗೇ ಇತ್ತು. ಆಮೇಲೆ ಕಸ ಕೊಳೆಸುವ ಸೂಕ್ಷ್ಮಜೀವಿಗಳ ಕಲ್ಚರ್ ಡಬ್ಬಿಗಳ ಸರದಿ, ಅದಕ್ಕೇ ನಾಲ್ಕು ಸಾವಿರ ಹೋಗಿರಬೇಕು. ಡಬ್ಬಿ ಮೇಲೆ 45 ದಿನ ಅಂತ ಬರೆದಿತ್ತು, ಯಾವ ಲೋಕದ ದಿನವೋ. ಎರೆಹುಳು ತಂದು ಬಿಟ್ಟೆ. ರಾಶಿ ಇನ್ನೂ ಬಿಸಿ ಇತ್ತು, ಬೆಳಗಾಗುವಷ್ಟರಲ್ಲಿ ಅರ್ಧ ಓಡಿಹೋಗಿ ಉಳಿದರ್ಧ ಕೋಳಿ ಪಾಲಾಯಿತು.

ಈಗ ಗುಂಡಿ ಇಲ್ಲ. ನೆಲದ ಮೇಲೇ ಸೊಂಟದೆತ್ತರ ರಾಶಿ, ಬುಡಕ್ಕೆ ಸೋಗೆ (ಅಡಿಕೆ ಗರಿ) ತುಂಡು. ಒಂದು ಪದರ ಸಿಪ್ಪೆ, ಮೇಲೆ ಗ್ಲಿರಿಸಿಡಿಯಾ ಸೊಪ್ಪು, ಸಗಣಿ ಬಗ್ಗಡ, ಮತ್ತೆ ಸಿಪ್ಪೆ. ಸಾರಜನಕ ಸಾಲದಿದ್ದರೆ ಬಿಸಿಯೇ ಏರುವುದಿಲ್ಲ. ತೆಂಗಿನ ನಾರಿನ ಪುಡಿಗೆ ಟನ್ನಿಗೆ 5 ಕೆಜಿ ಯೂರಿಯಾ ಹಾಕುತ್ತಾರಲ್ಲ, ಆ ಲೆಕ್ಕ ಇಲ್ಲೂ ನಡೆಯುತ್ತದೆ. ನಾನು ಹಾಕುವುದು ಕೋಳಿ ಗೊಬ್ಬರ. ಎಷ್ಟು, ಯಾವುದರ ಜೊತೆ ಬೆರೆಸಿ ಅನ್ನೋದು ಇನ್ನೊಂದು ಸೀಸನ್ ಕಳೆಯಲಿ, ಹೇಳುತ್ತೇನೆ.

ನಾರು ಕೊಳೆಸುವ ಶಿಲೀಂಧ್ರ ಟ್ರೈಕೋಡರ್ಮಾವನ್ನು ಎಲ್ಲರೂ ಮೊದಲ ದಿನವೇ ಚೆಲ್ಲುತ್ತಾರೆ. ರಾಶಿ ಸರಿಯಾಗಿ ಕೂತರೆ ವಾರದೊಳಗೆ ಒಳಗೆ 60 ಡಿಗ್ರಿ ಆಗುತ್ತದೆ, ಕೈ ಇಡೋಕಾಗಲ್ಲ, ಅಷ್ಟು ಬಿಸಿಯಲ್ಲಿ ಆ ಶಿಲೀಂಧ್ರ ಉಳಿಯುತ್ತದಾ? ಎರಡು ಸಲ ಮಗುಚಿ, ಬಿಸಿ ಇಳಿದ ಮೇಲೆ ಹಾಕಿದೆ. ಹದಿನೈದು ದಿನದಲ್ಲಿ ನಾರಿನ ಮೇಲೆ ಬಿಳಿ ಬೂಷ್ಟು ಹಬ್ಬಿತು. ಎರೆಹುಳು ಅದಕ್ಕೂ ಆಮೇಲೆ. ನೀರು, ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿ ಒದ್ದೆಯಾಗಬೇಕು, ಸುರಿಯಬಾರದು.

ಖರ್ಚೆಲ್ಲ ಮಗುಚುವ ಆಳಿನ ಸಂಬಳಕ್ಕೇ. ಒಟ್ಟು ಏಳೆಂಟು ಸಾವಿರ ಆಗಿರಬಹುದು, ಸಿಕ್ಕಿದ್ದು ಎರಡು ಲೋಡಿಗೆ ಸ್ವಲ್ಪ ಕಡಿಮೆ. ದುಡ್ಡಿನ ಲೆಕ್ಕದಲ್ಲಿ ಉಳಿದದ್ದು ಅಲ್ಪಸ್ವಲ್ಪವೇ. ಆದರೆ ಮಣ್ಣು ಬೆರೆಸದ ಗೊಬ್ಬರ ನಿಮಗೆ ಎಲ್ಲಿ ಸಿಗುತ್ತದೆ?

ಮಧ್ಯೆ ಇನ್ನೊಂದು ಹುಚ್ಚು ಮಾಡಿದೆ. ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಸಿಪ್ಪೆ ನೆನೆಸಿ, ಬೇಯಿಸಿ, ಚಿಪ್ಪಣಬೆ ಬೀಜ ಹಾಕಿದೆ. ನಾಲ್ಕು ದಿನದ ಸಾರಿಗಾಯಿತು, ಮಾರುವಷ್ಟಲ್ಲ. ಆದರೆ ಅಣಬೆ ತೆಗೆದ ಚೀಲವನ್ನು ರಾಶಿಯ ಮೂಲೆಗೆ ಸುರಿದಿದ್ದೆ, ಆ ಮೂಲೆ ಎಲ್ಲಕ್ಕಿಂತ ಮೊದಲು ಹುಡಿಯಾಯಿತು. ಮುಂದಿನ ವರ್ಷ ಅದೇ ದಾರಿ.

ಮಳೆ ಹಿಡಿಯುವ ಮೊದಲು ರಾಶಿಗೆ ಟಾರ್ಪಾಲು ಹೊದಿಸಿ, ಇಲ್ಲದಿದ್ದರೆ ನಮ್ಮ ಕಡೆಯ ಮಳೆಗೆ ಸತ್ವವೆಲ್ಲ ತೊಳೆದು ಹಳ್ಳ ಸೇರುತ್ತದೆ. ಕೊಳೆರೋಗಕ್ಕೆ ಉದುರಿದ ಕಾಯನ್ನು ಮಾತ್ರ ನಾನು ರಾಶಿಗೆ ಸೇರಿಸುವುದಿಲ್ಲ. ಆರಿಸಿ ತಂದು ತೋಟದಾಚೆ ಹೂಳುತ್ತೇನೆ.