ಕಾಫಿ ಕಣಕ್ಕೆ ಕ್ಯಾಮೆರಾ: ತಿಂಗಳ ಚಂದಾನೋ, ಸ್ವಂತದ್ದೋ?

ಈಗ ಕ್ಯಾಮೆರಾ ಅಗ್ಗ, ರೆಕಾರ್ಡಿಂಗ್ ನೋಡುವುದಕ್ಕೆ ತಿಂಗಳ ಚಂದಾ. ನೀರಿನ ಫಿಲ್ಟರ್ ಕೂಡ ಬಾಡಿಗೆಗೆ ಬರುತ್ತದೆ, ರೀಚಾರ್ಜ್ ಮುಗಿದರೆ ನಲ್ಲಿ ಬಂದ್. ದುಡ್ಡು ಕೊಡುವ ಮುಂಚೆ ಅಂಗಡಿಯವರನ್ನು ಒಂದು ಮಾತು ಕೇಳಿ: ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಗೆ ನಾಲ್ಕು ದಿನ ನೆಟ್‌ವರ್ಕ್ ಹೋದರೆ ಇದು ಏನು ಕೆಲಸ ಮಾಡುತ್ತದೆ?

ಆಮೇಲೆ ಲೆಕ್ಕ. ತಿಂಗಳಿಗೆ 300 ರೂಪಾಯಿ ಅಂದರೆ ಮೂರು ವರ್ಷಕ್ಕೆ 10,800. ಆದರೆ ಕಣದಲ್ಲಿ ಕಾಫಿ ಒಣಗುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ನಾಲ್ಕು ತಿಂಗಳು ಕಟ್ಟಿ ನಿಲ್ಲಿಸಲು ಬಿಡುವುದಾದರೆ, ಕಣದ ಹತ್ತಿರ ಒಳ್ಳೆಯ ಸಿಗ್ನಲ್ಲೂ ಇದ್ದರೆ, ಚಂದಾನೇ ವಾಸಿ. ವರ್ಷದ ಪ್ಲಾನ್ ಮಾತ್ರ ಅಂದರೆ ಬೇಡ.

ಸ್ವಂತಕ್ಕಾದರೆ ಮೆಮೊರಿ ಕಾರ್ಡ್ ಸಾಲದು. ಕಳ್ಳ ಕ್ಯಾಮೆರಾ ಕಿತ್ತರೆ ಕಾರ್ಡೂ ಅವನ ಜೇಬಿಗೆ. ಡಿವಿಆರ್, ಅಂದರೆ ದೃಶ್ಯ ರೆಕಾರ್ಡ್ ಮಾಡಿಡುವ ಪೆಟ್ಟಿಗೆ, ಮನೆಯೊಳಗಿರಲಿ. ಒಂದು ಕ್ಯಾಮೆರಾ 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಲೆಕ್ಕದಲ್ಲಿ ದಿನಕ್ಕೆ ಸುಮಾರು 11 ಜಿಬಿ ತುಂಬುತ್ತದೆ. ನಾಲ್ಕು ಕ್ಯಾಮೆರಾಕ್ಕೆ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಮೂರು ವಾರದ ದೃಶ್ಯ ಉಳಿಯುತ್ತದೆ. ‘ಓವರ್‌ರೈಟ್’ (ಹಳೆಯದರ ಮೇಲೆ ಹೊಸದು ಬರೆಯುವ ಸೆಟ್ಟಿಂಗ್) ಆನ್ ಮಾಡದಿದ್ದರೆ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಲ್ಲುತ್ತದೆ. ಮೋಷನ್ ಅಲರ್ಟ್ ಇಟ್ಟರೆ ರಾಶಿ ಮೇಲಿನ ಟಾರ್ಪಾಲು ಅಲುಗಿದ್ದಕ್ಕೆಲ್ಲ ಫೋನ್ ಬಡಿದುಕೊಳ್ಳುತ್ತದೆ. ಅಲರ್ಟ್ ಜಾಗವನ್ನು ಗೇಟು, ದಾರಿಗಷ್ಟೇ ಗುರುತು ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ಡಿವಿಆರ್‌ನ ಗಡಿಯಾರ ನೋಡಿ. ಹೊತ್ತು ತಪ್ಪಿದ ದೃಶ್ಯ ಹಿಡಿದು ಠಾಣೆಗೆ ಹೋದರೆ ಪೇಚಾಟ. ಏಪ್ರಿಲ್-ಮೇ ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ಗಿನ ಜೊತೆ ಕ್ಯಾಮೆರಾ ಕೇಬಲ್ಲನ್ನೂ ಕಳಚಿ, ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬರುತ್ತದೆ.

ಚಂದಾ ಬಿಡುವಾಗ ಆ್ಯಪ್ ಅಳಿಸಿದರೆ ಸಾಲದು, ದುಡ್ಡು ಹೋಗುತ್ತಲೇ ಇರುತ್ತದೆ. ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ತೆರೆದು ಆ ಮ್ಯಾಂಡೇಟನ್ನೇ (ತಾನಾಗಿ ದುಡ್ಡು ಕಡಿಯಲು ಕೊಟ್ಟ ಒಪ್ಪಿಗೆ) ರದ್ದು ಮಾಡಿ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿನ ‘ಸಬ್‌ಸ್ಕ್ರಿಪ್ಷನ್ಸ್’ನಲ್ಲೂ. ಆರ್‌ಬಿಐ ನಿಯಮದಂತೆ ದುಡ್ಡು ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕು, ಆದರೆ ಸಿಗ್ನಲ್ ಇಲ್ಲದ ತೋಟದಲ್ಲಿ ಆ ಮೆಸೇಜ್ ಎರಡು ದಿನ ಬಿಟ್ಟು ಬಂದೀತು. ನಾಲ್ಕೈದು ದಿನ ಮೊದಲೇ ಮುಗಿಸಿ.

ಇನ್ನು ಫಿಲ್ಟರ್. ಮೊದಲು ಬಾವಿ ನೀರಿನ ಟಿಡಿಎಸ್ (ಕರಗಿದ ಲವಣಾಂಶ, ಲೀಟರಿಗೆ ಮಿಲಿಗ್ರಾಂ ಲೆಕ್ಕ) ಅಳೆಯಿರಿ. 500ಕ್ಕಿಂತ ಕಡಿಮೆ ಇದ್ದು ಬೇರೆ ದೋಷ ಇಲ್ಲದಿದ್ದರೆ ಆರ್‌ಒ (ಲವಣ ತೆಗೆಯುವ ಫಿಲ್ಟರ್) ಬಾಡಿಗೆ ದಂಡ. ಸ್ವಂತದ್ದೊಂದು ಯುವಿ (ನೇರಳಾತೀತ ಬೆಳಕಲ್ಲಿ ರೋಗಾಣು ಕೊಲ್ಲುವ ಫಿಲ್ಟರ್) ಸಾಕು. ಕದಡಿದ ನೀರಲ್ಲಿ ಯುವಿ ಬೆಳಕು ಒಳಗಿಳಿಯುವುದಿಲ್ಲ, ಹಾಗಾಗಿ ಅದಕ್ಕೂ ಮೊದಲು 5 ಮೈಕ್ರಾನ್ ಕಾರ್ಟ್ರಿಜ್ ಹಾಕಿಸಿ. ಮಳೆಗಾಲಕ್ಕೆ ಎರಡು ಹೆಚ್ಚಿಗೆ ತಂದಿಡಿ, ಬೇಗ ಕೆಂಪಾಗುತ್ತವೆ.